ಕಾರವಾರದ ಒಂದು ಚಿಕ್ಕ ಜಿಮ್: 16 ತಿಂಗಳು ಹೋಗಿ ಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಜಿಮ್ ನಡೆಸುವ ಹುಡುಗ ನನ್ನ ಹಳೇ ವಿದ್ಯಾರ್ಥಿ. ಐದನೇ ತರಗತಿಯಲ್ಲಿ ನನ್ನ ಹತ್ತಿರ ಲೆಕ್ಕ ಕಲಿತವನು. ಅದಕ್ಕೇ ಜಿಮ್ಮಿನ ಹೆಸರು ಹಾಕುತ್ತಿಲ್ಲ. ಫೀ ಮಾತ್ರ ಎಲ್ಲರ ಹಾಗೆ ಪೂರ್ತಿ ಕೊಡುತ್ತೇನೆ, ತಿಂಗಳಿಗೆ 900 ರೂಪಾಯಿ.

ಇದನ್ನು ಬರೆಯಲು ಕಾರಣ ನಮ್ಮ ಶಾಲೆಯ ಮಾಸ್ತರೊಬ್ಬರು ಕೇಳಿದ ಪ್ರಶ್ನೆ. ಅವರು 22 ವರ್ಷದಿಂದ ಬ್ಯಾಡ್ಮಿಂಟನ್ ಆಡುತ್ತಾರೆ. ಒಂದು ದಿನ ಕೋರ್ಟ್ ಸಿಗದಿದ್ದರೆ ಅವರಿಗೆ ಸಮಾಧಾನವೇ ಇರುವುದಿಲ್ಲ. ನಾನು ಜಿಮ್ಮಿಗೆ ಹೋಗುತ್ತೇನೆ, ಆದರೆ ಅಲ್ಲಿ ಮಾಡುವುದು ಯಾವುದೂ ನನಗೆ ಅಷ್ಟೇನೂ ಇಷ್ಟವಿಲ್ಲ ಅಂದಾಗ ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಖುಷಿ ಇಲ್ಲದ್ದು ಎಷ್ಟು ದಿನ ನಡೀತದೆ ಅಕ್ಕೋರೆ?" ಅಂದರು. ಆಗ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ತುಂಬಾ ಯೋಚನೆ ಮಾಡಿದೆ, ಸ್ವಲ್ಪ ಓದಿದೆ ಕೂಡ.

ನನಗೆ ತುಂಬಾ ಇಷ್ಟವಾದ ವ್ಯಾಯಾಮ ಒಂದಿದೆ, ಟ್ಯಾಗೋರ್ ಬೀಚಿನಲ್ಲಿ ನಡೆಯುವುದು. ನವೆಂಬರಿನಿಂದ ಮೇ ತನಕ ಬೆಳಿಗ್ಗೆ ಆರಕ್ಕೆ ಅಲ್ಲಿರುತ್ತಿದ್ದೆ. ಚಪಲ್ ಅನ್ನುವ ಹಳೇ ಯುದ್ಧನೌಕೆ ನಿಲ್ಲಿಸಿದ ಕಡೆಯಿಂದ ಶುರು ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಅಲೆ ಬಂದು ಹೋದ ಗಟ್ಟಿ ಮರಳಿನ ಮೇಲೆ ಕೋಡಿಬಾಗದ ಕಡೆಗೆ ನಡೆಯುವುದು, ಒಂದೊಂದು ದಿನ ರಂಪಣಿ ಬಲೆ ಎಳೆಯುವವರನ್ನು ನೋಡುತ್ತಾ ಹತ್ತು ನಿಮಿಷ ನಿಂತುಬಿಡುವುದು, ವಾಪಸ್ ಬರುವಾಗ ಗುಡ್ಡದ ಮೇಲೆ ಬಿಸಿಲು ಬಂದಿರುವುದು. ಇದಕ್ಕೆ ನನ್ನನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ. ಅಲಾರಂ ಕೂಡ ಬೇಕಿರಲಿಲ್ಲ.

ಆದರೆ ಜೂನ್ ಬಂತು ಅಂದರೆ ಮುಗಿಯಿತು. ಕಾರವಾರದ ಮಳೆ ಗೊತ್ತಲ್ಲ, ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಕೊಡೆ ಹಿಡಿದು ಬೀಚಿಗೆ ಹೋದರೆ ಗಾಳಿಗೆ ಕೊಡೆ ಮಗುಚುತ್ತದೆ. ಸಮುದ್ರ ಗಾಳಿಮರಗಳ ಬುಡದ ತನಕ ಬರುತ್ತದೆ. ಹಾಗಾಗಿ ಜೂನ್‌ನಲ್ಲಿ ನಿಂತದ್ದು ಮತ್ತೆ ಶುರುವಾಗುತ್ತಿದ್ದದ್ದು ದೀಪಾವಳಿ ಕಳೆದ ಮೇಲೆ. ಮೂರು ವರ್ಷ ಹೀಗೇ ಆಯಿತು. ಐದು ತಿಂಗಳು ಬಿಟ್ಟು ಪ್ರತಿ ಸಲ ಮೊದಲಿನಿಂದ ಶುರು. ಅಂದರೆ ನಾನು ಅಷ್ಟು ಪ್ರೀತಿಸಿದ ವ್ಯಾಯಾಮ ನನ್ನ ಜೊತೆ ವರ್ಷಪೂರ್ತಿ ಉಳಿಯಲಿಲ್ಲ, ಅಷ್ಟೇನೂ ಇಷ್ಟವಿಲ್ಲದ ಈ ಜಿಮ್ 16 ತಿಂಗಳು ಉಳಿದಿದೆ. ಮಾಸ್ತರ ಪ್ರಶ್ನೆಗೆ ಉತ್ತರ ಇದರಲ್ಲೇ ಎಲ್ಲೋ ಇದೆ ಅನ್ನಿಸುತ್ತದೆ.

ಜಿಮ್ ಸೇರಿದ್ದು ಹೆದರಿ. 46 ವರ್ಷಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಳತೆ, 6.1 ಬಂತು. 5.7ರಿಂದ 6.4ರ ತನಕ ಇದ್ದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ, 6.5 ಮುಟ್ಟಿದರೆ ಕಾಯಿಲೆ. ಅಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು, ಕೊನೆಕೊನೆಗೆ ಅವಳ ಕಾಲಿನ ಗಾಯ ವಾಸಿಯಾಗದೇ ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೆ. ಡಾಕ್ಟರು ವಾರಕ್ಕೆ 150 ನಿಮಿಷ ಬೆವರು ಬರುವ ಹಾಗೆ ನಡೆಯಿರಿ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಮಾಡಿ, ತೂಕ ಸ್ವಲ್ಪ ಇಳಿಸಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, 150ರಿಂದ 300 ನಿಮಿಷ ಅಂತ. ಅಮೆರಿಕದಲ್ಲಿ 3,234 ಜನರ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇಷ್ಟು ವ್ಯಾಯಾಮ ಮತ್ತು ಸ್ವಲ್ಪ ತೂಕ ಇಳಿಸಿದವರಲ್ಲಿ ಸಕ್ಕರೆ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಗಿತ್ತು. ಇದನ್ನು ಓದಿದ ದಿನ ನನಗೆ ನಿಜವಾಗಿ ಧೈರ್ಯ ಬಂತು. ಆದರೆ ಹೆದರಿಕೆಯಾಗಲಿ ಧೈರ್ಯವಾಗಲಿ ಮನುಷ್ಯರನ್ನು ಒಂದು ತಿಂಗಳು ಓಡಿಸಬಹುದು. ಅದರ ನಂತರ ಬೇರೆ ಏನಾದರೂ ಬೇಕು.

ಮೊದಲು ಸೇರಿದ್ದು ಬೇರೆ ಜಿಮ್. ದೊಡ್ಡದು, ಎಸಿ ಇದೆ, ಕನ್ನಡಿಗಳೇ ಕನ್ನಡಿಗಳು. ಮೂರು ತಿಂಗಳ ಫೀ ಒಟ್ಟಿಗೇ ಕಟ್ಟಿಸಿಕೊಂಡರು. ಮೊದಲ ದಿನವೇ ಟ್ರೇನರ್ 60 ಸ್ಕ್ವಾಟ್ ಮಾಡಿಸಿದ. ಸಾಕು ಅಂದರೆ, "ಇನ್ನೂ ಹತ್ತು ಮೇಡಂ, ನೋವಾದ್ರೇನೇ ರಿಸಲ್ಟ್" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಮರುದಿನ ಶಾಲೆಯ ಮೆಟ್ಟಿಲನ್ನು ಕೈಹಿಡಿ ಹಿಡಿದು ಇಳಿದೆ. ಭುಜದ ವ್ಯಾಯಾಮ ಮಾಡಿಸಿದ ಮರುದಿನ ಬೋರ್ಡಿನ ಮೇಲ್ಗಡೆ ಬರೆಯಲು ಕೈ ಏಳಲಿಲ್ಲ. ಮಕ್ಕಳು, "ಅಕ್ಕೋರೆ, ಕೈಗೆ ಏನಾಯ್ತು?" ಅಂತ ಕೇಳಿದರು. ಎರಡನೇ ವಾರ ಪ್ರೋಟೀನ್ ಪುಡಿಯ ಡಬ್ಬಿ ತೆಗೆದುಕೊಳ್ಳಿ ಅಂತ ದಿನಾ ಒತ್ತಾಯ. ಜಿಮ್ ನೆನೆಸಿಕೊಂಡರೆ ಮಧ್ಯಾಹ್ನದಿಂದಲೇ ಹೊಟ್ಟೆಯಲ್ಲಿ ಕಸಿವಿಸಿ. 19ನೇ ದಿನಕ್ಕೆ ಬಿಟ್ಟೆ. ಉಳಿದ ದುಡ್ಡು ವಾಪಸ್ ಬರಲಿಲ್ಲ.

ಇಲ್ಲಿ ಮಾಸ್ತರ ಮಾತು ಪೂರ್ತಿ ಸರಿ. ಕೆಟ್ಟ ಅನುಭವ ಆದರೆ ಯಾರೂ ಉಳಿಯುವುದಿಲ್ಲ. ಪ್ಯಾಂಟೆಲೈಮನ್ ಎಕ್ಕೆಕಾಕಿಸ್ ಅನ್ನುವ ಸಂಶೋಧಕರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ವ್ಯಾಯಾಮ ಹಗುರವಾಗಿದ್ದಾಗ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ. ಒಂದು ಮಟ್ಟ ದಾಟಿ ಏದುಸಿರು ಶುರುವಾಯಿತು ಅಂದರೆ ಬಹುತೇಕ ಎಲ್ಲರಿಗೂ ಹಿಂಸೆ ಆಗುತ್ತದೆ. ಅಭ್ಯಾಸ ಇಲ್ಲದವರಿಗೆ ಆ ಮಟ್ಟ ಬಹಳ ಬೇಗ ಬರುತ್ತದೆ. ಇಪ್ಪತ್ತೈದರ ಟ್ರೇನರಿಗೆ ವಾರ್ಮ್‌ಅಪ್ ಅನ್ನಿಸಿದ್ದು ನನಗೆ ಆ ಗೆರೆಯ ಆಚೆ ಇತ್ತು. ತಪ್ಪು ನನ್ನ ಮನಸ್ಸಿನದ್ದಲ್ಲ, ಕೊಟ್ಟ ಅಳತೆಯದ್ದು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ, ನನ್ನ ಕೈಲಿ ಆಗುವುದಿಲ್ಲ ಅಂದುಕೊಂಡು ಎಂಟು ತಿಂಗಳು ಸುಮ್ನೆ ಕೂರುತ್ತಿರಲಿಲ್ಲ.

ಈಗ ಹೋಗುತ್ತಿರುವ ಜಿಮ್ಮಿನ ವಿಷಯ. ಒಂದು ಓಣಿಯಲ್ಲಿ, ಮೊದಲ ಮಹಡಿಯಲ್ಲಿ, ಎರಡು ತರಗತಿ ಕೋಣೆ ಸೇರಿಸಿದಷ್ಟು ಜಾಗ. ಎರಡು ಟ್ರೆಡ್‌ಮಿಲ್, ಎರಡು ಸೈಕಲ್, ಕೇಬಲ್ ಎಳೆಯುವ ಒಂದು ಮಷಿನ್, ಡಂಬೆಲ್ಸ್, ಬೆಂಚು, ಚಾಪೆಗಳು. ಅಷ್ಟೇ. ಎಸಿ ಇಲ್ಲ, ನಾಲ್ಕು ಫ್ಯಾನ್ ಇದೆ. ಹೆಂಗಸರ ಬ್ಯಾಚ್ ಸಂಜೆ ನಾಲ್ಕೂವರೆಯಿಂದ ಆರೂವರೆ.

ಹೋದ ಮೊದಲ ದಿನ ಆ ಹುಡುಗ ನನ್ನನ್ನು ಟ್ರೆಡ್‌ಮಿಲ್ ಮೇಲೆ ನಿಧಾನವಾಗಿ ನಡೆಸಿದ. ಸ್ವಲ್ಪ ವೇಗ ಏರಿಸಿ, "ಅಕ್ಕೋರೆ, ಹದಿನೇಳರ ಮಗ್ಗಿ ಹೇಳಿ" ಅಂದ. ನಾನು ಅವನಿಗೆ ಎಷ್ಟೋ ಸಲ ಹೇಳಿಸಿದ ಮಗ್ಗಿ ಅದು. ಹದಿನೇಳೈದಲ ಎಂಬತ್ತೈದರ ತನಕ ಸರಾಗವಾಗಿ ಬಂತು, ಆಮೇಲೆ ಒಂದೊಂದು ಸಾಲಿಗೂ ಉಸಿರು ಎಳೆಯಬೇಕಾಯಿತು. ಅವನು ತಕ್ಷಣ ವೇಗ ಇಳಿಸಿದ. "ಮಗ್ಗಿ ಹೇಳಲಿಕ್ಕೆ ಬರಬೇಕು, ಹಾಡು ಹೇಳಲಿಕ್ಕೆ ಬರಬಾರದು. ಅಷ್ಟೇ ವೇಗ ನಿಮಗೆ ಈಗ ಸಾಕು" ಅಂದ. ಇದು ಅವನ ಸ್ವಂತ ಉಪಾಯ ಅಂದುಕೊಂಡಿದ್ದೆ. ಹಾಗಲ್ಲ, ಮಾತಾಡಲು ಆಗಬೇಕು ಹಾಡಲು ಆಗಬಾರದು ಅನ್ನುವುದು ಮಧ್ಯಮ ಮಟ್ಟದ ವ್ಯಾಯಾಮಕ್ಕೆ ಎಲ್ಲ ಕಡೆ ಬಳಸುವ ಪರೀಕ್ಷೆಯಂತೆ. ಆದರೆ ಅದಕ್ಕೆ ಮಗ್ಗಿ ಹಿಡಿದದ್ದು ಅವನೇ. ಆ ದಿನ 25 ನಿಮಿಷಕ್ಕೆ ಮನೆಗೆ ಕಳಿಸಿದ. ಇನ್ನೂ ಸ್ವಲ್ಪ ಮಾಡಬಹುದಿತ್ತು ಅನ್ನಿಸುವಾಗಲೇ ಸಾಕು ಅಂದ. ಮೊದಲ ಮೂರು ವಾರ ಹೀಗೇ ಮಾಡಿದ, ಒಂದು ದಿನವೂ ಮರುದಿನದ ಪಾಠ ತಪ್ಪುವಷ್ಟು ಮೈಕೈ ನೋವು ಬರಲಿಲ್ಲ. ಈ ಜಿಮ್ಮಿನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿ ಅಂದರೆ ನಾನು ಇದನ್ನೇ ಹೇಳುವುದು.

ಇನ್ನೊಂದು, ಅವನು ಯಾವತ್ತೂ ಕಷ್ಟದ್ದರಲ್ಲಿ ಮುಗಿಸುವುದಿಲ್ಲ. ಭಾರ ಎತ್ತುವುದು ಮೊದಲು, ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲಾಂಕ್ ನಡುವೆ, ಕೊನೆಗೆ ಹತ್ತು ನಿಮಿಷ ಸೈಕಲ್ಲು, ಅದೂ ನಿಧಾನ ಮಾಡುತ್ತಾ ಮಾಡುತ್ತಾ. ಹಗುರಾಗಿ ಮುಗಿದ ವ್ಯಾಯಾಮವನ್ನು ಮನಸ್ಸು ಹಗುರಾಗಿಯೇ ನೆನಪಿಟ್ಟುಕೊಳ್ಳುತ್ತದೆ ಅಂತ 2016ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಒಂದು ಗುಂಪಿನವರಿಗೆ ಕಷ್ಟದಿಂದ ಸುಲಭಕ್ಕೆ ಬರುವ ಹಾಗೆ, ಇನ್ನೊಂದು ಗುಂಪಿನವರಿಗೆ ಸುಲಭದಿಂದ ಕಷ್ಟಕ್ಕೆ ಹೋಗುವ ಹಾಗೆ ಸೈಕಲ್ ತುಳಿಸಿದ್ದರು. ಕೆಲಸ ಎರಡರಲ್ಲೂ ಒಂದೇ ಅಳತೆ. ಸುಲಭದಲ್ಲಿ ಮುಗಿಸಿದವರು ದಿನಗಳಾದ ಮೇಲೂ ಅದನ್ನು ಹಿತವಾಗಿತ್ತು ಅಂತಲೇ ನೆನೆಸಿಕೊಂಡರು. ನನಗೆ ಇದು ದಿನಾ ಅನುಭವಕ್ಕೆ ಬರುತ್ತದೆ. ಮೆಟ್ಟಿಲು ಇಳಿಯುವಾಗ ಮೈ ಹಗುರ, ಮುಖಕ್ಕೆ ಗಾಳಿ. ಡಂಬೆಲ್ಸ್ ಇಷ್ಟವಿಲ್ಲ, ಆದರೆ ಡಂಬೆಲ್ಸ್ ಎತ್ತಿ ಬಂದ ಮೇಲಿನ ಆ ಅರ್ಧ ಗಂಟೆ ನನಗೆ ಬಹಳ ಇಷ್ಟ.

ಹೊರಡುವ ಮೊದಲು ಮಾತ್ರ ಇವತ್ತಿಗೂ ಬೇಸರ. ಇದು ನನ್ನೊಬ್ಬಳದ್ದಲ್ಲ. 2011ರಲ್ಲಿ ಕೆನಡಾದ ಸಂಶೋಧಕರು ವ್ಯಾಯಾಮಕ್ಕೆ ಬಂದವರನ್ನು, ಇದು ಎಷ್ಟು ಖುಷಿ ಕೊಡಬಹುದು ಅಂತ ಮೊದಲು ಕೇಳಿದರು, ಮುಗಿದ ಮೇಲೆ ಎಷ್ಟು ಕೊಟ್ಟಿತು ಅಂತ ಕೇಳಿದರು. ಜನ ಅಂದುಕೊಂಡದ್ದಕ್ಕಿಂತ ಖುಷಿ ಜಾಸ್ತಿಯೇ ಸಿಕ್ಕಿತ್ತು. ಶುರುವಿನ ಕಷ್ಟದ ಹೊತ್ತೇ ಕಣ್ಣ ಮುಂದೆ ದೊಡ್ಡದಾಗಿ ನಿಲ್ಲುವುದು ಅದಕ್ಕೆ ಕಾರಣ. ಹೊರಡುವಾಗಿನ ಬೇಸರ ಸುಳ್ಳು ಲೆಕ್ಕ ಅಂತ ಗೊತ್ತಾದ ಮೇಲೆ ನಾನು ಅದರ ಮಾತು ಕೇಳುವುದು ಕಡಿಮೆ ಮಾಡಿದ್ದೇನೆ.

ಜಾಗದ ಬಗ್ಗೆ ಹೇಳಲೇಬೇಕು. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲೇ ಈ ಜಿಮ್ ಇದೆ. ನಾಲ್ಕೂಕಾಲಿಗೆ ಗಂಟೆ ಹೊಡೆಯುತ್ತದೆ, ಹಾಜರಿ ಪುಸ್ತಕ ಆಫೀಸಿನಲ್ಲಿ ಇಟ್ಟು ಚೀಲ ಹೆಗಲಿಗೆ ಹಾಕಿದರೆ ಕಾಲು ತಾನಾಗಿ ಆ ಓಣಿಗೆ ತಿರುಗುತ್ತದೆ. ಒಮ್ಮೆ ಮನೆಗೆ ಹೋಗಿ ಚಾ ಕುಡಿದು ಕೂತರೆ ಮತ್ತೆ ಏಳುವ ಮಾತಿಲ್ಲ. ಅತ್ತೆಯವರ ಜೊತೆ ಮಾತು, ನಾಳೆಯ ಮೀನು ಏನು ಅನ್ನುವ ಯೋಚನೆ, ಹೀಗೆ ಆರೂವರೆ ಆಗಿಬಿಡುತ್ತದೆ. ಆ ಮೊದಲ ಜಿಮ್ಮಿಗೆ ಮನೆಯಿಂದ ಸ್ಕೂಟರ್ ತೆಗೆದುಕೊಂಡು ಹೋಗಬೇಕಿತ್ತು, ಅದೂ ಒಂದು ತೊಡಕೇ ಆಗಿತ್ತು.

ಇದರ ಬೆಲೆ ಗೊತ್ತಾದದ್ದು ಬೇಸಿಗೆ ರಜೆಯಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರ ಅಧ್ಯಯನವೊಂದನ್ನು ಓದಿದ್ದೆ. 96 ಜನ ಹೊಸ ಅಭ್ಯಾಸವೊಂದನ್ನು ದಿನಾ ಮಾಡಿದರು, ಅದು ತಾನಾಗಿ ಬರುವಂತಾಗಲು ಮಧ್ಯದ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ತನಕ ಬೇಕಾಗಬಹುದು ಅನ್ನುವ ಅಂದಾಜು. ನೀರು ಕುಡಿಯುವಂಥ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕಾಗಿತ್ತು. ನಾನು ಫೆಬ್ರವರಿ ಮೊದಲ ವಾರ ಸೇರಿದವಳು, ಏಪ್ರಿಲ್‌ನಲ್ಲಿ ಶಾಲೆ ಮುಗಿಯುವಾಗ ಎರಡು ತಿಂಗಳು ದಾಟಿತ್ತು. ಇನ್ನು ಅಭ್ಯಾಸ ಆಯಿತು, ಬಿಡುವುದಿಲ್ಲ ಅಂದುಕೊಂಡೆ. ರಜೆಯ ಏಳು ವಾರದಲ್ಲಿ ಜಿಮ್ಮಿಗೆ ಹೋದದ್ದು ಐದೇ ದಿನ! ಗಂಟೆ ಹೊಡೆಯಲಿಲ್ಲ, ನಾನು ಹೋಗಲಿಲ್ಲ. ನನ್ನ ಅಭ್ಯಾಸ ಕಟ್ಟಿಕೊಂಡಿದ್ದು ಆ ಶಾಲೆಯ ಗಂಟೆಗೆ. ಆ 66 ದಿನದ ಅಧ್ಯಯನದಲ್ಲೂ ಜನ ಹೊಸ ಕೆಲಸವನ್ನು ದಿನದ ಒಂದು ಗೊತ್ತಾದ ಹೊತ್ತಿಗೆ, ಊಟದ ನಂತರ ಅನ್ನುವ ಹಾಗೆ, ಗಂಟು ಹಾಕಿಕೊಂಡಿದ್ದರು. ನಾನು ದಿನದ ಸಂಖ್ಯೆ ನೋಡಿದೆ, ಗಂಟು ನೋಡಲಿಲ್ಲ.

ಈ ವರ್ಷದ ರಜೆಗೆ ಬೇರೆ ಏರ್ಪಾಡು ಮಾಡಿಕೊಂಡೆ. ಮಧ್ಯಾಹ್ನ ಮಲಗಿ ಎದ್ದ ಮೇಲಿನ ಚಾ ಮನೆಯಲ್ಲಿ ಕುಡಿಯುವುದಿಲ್ಲ, ಜಿಮ್ಮಿನ ಕೆಳಗಿನ ಅಂಗಡಿಯಲ್ಲಿ ಕುಡಿಯುವುದು, ಕುಡಿದು ಮೇಲೆ ಹತ್ತುವುದು. ಏಳು ವಾರದಲ್ಲಿ 22 ದಿನ ಹೋದೆ.

ಈ ಲೆಕ್ಕ ಎಲ್ಲ ಎಲ್ಲಿಂದ ಬಂತು ಅಂದರೆ, ನಾನು ನನಗೂ ಒಂದು ಹಾಜರಿ ಪುಸ್ತಕ ಇಟ್ಟಿದ್ದೇನೆ. ವಾರಕ್ಕೆ ನಾಲ್ಕು ದಿನ ಅನ್ನುವುದು ಗುರಿ. ಇಲ್ಲಿಯ ತನಕ 189 ದಿನ ಹೋಗಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಅದೇ ಮಳೆಯಲ್ಲಿ, 54 ದಿನ. ಅದರ ಹಿಂದಿನ ಮಳೆಗಾಲದಲ್ಲಿ ನಾನು ಬೀಚಿಗೆ ಹೋದದ್ದು ಮೂರು ಸಲ.

ಮಳೆಗಾಲದಲ್ಲಿ ಯಾಕೆ ಬಿಡಲಿಲ್ಲ? ಮೇಲೆ ಸೂರು ಇದೆ ಅನ್ನುವುದು ಒಂದು. ಆದರೆ ಸೂರು ಮನೆಯಲ್ಲೂ ಇತ್ತು, ಚಾಪೆ ಹಾಸಿ ಮನೆಯಲ್ಲೇ ಮಾಡಬಹುದಿತ್ತು, ಮಾಡಲಿಲ್ಲ. ನಿಜವಾದ ಕಾರಣ ಅಲ್ಲಿ ಬರುವ ನಾಲ್ಕು ಜನ. ಒಬ್ಬಳು ನರ್ಸ್. ಒಬ್ಬಳು ಟೇಲರ್, ದಿನವಿಡೀ ಬಗ್ಗಿ ಹೊಲಿದು ಅವಳಿಗೆ ಕುತ್ತಿಗೆ ನೋವು. ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇನ್ನೊಬ್ಬಳು ಪಂಜಾಬಿನವಳು, ಗಂಡ ನೌಕಾನೆಲೆಯಲ್ಲಿ. ಅವಳು ನಮ್ಮಿಂದ ಕನ್ನಡವನ್ನೂ ಕೊಂಕಣಿಯನ್ನೂ ಒಟ್ಟಿಗೇ ಕಲಿಯುತ್ತಿದ್ದಾಳೆ. ಒಂದು ಸೆಟ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಒಂದೂವರೆ ನಿಮಿಷದಲ್ಲಿ ನಾವು ಆಡುವ ಮಾತು ಎಷ್ಟು ಅಂತೀರಿ. ಬಂಗಡೆ ಎಷ್ಟಕ್ಕೆ ಸಿಕ್ಕಿತು, ಮಗನ ಪರೀಕ್ಷೆ ಏನಾಯಿತು, ಯಾರ ಮನೆಯಲ್ಲಿ ನೀರು ನುಗ್ಗಿತು. ಒಂದು ದಿನ ಹೋಗದಿದ್ದರೆ ಟೇಲರ್ ಫೋನ್ ಮಾಡುತ್ತಾಳೆ, "ಅಕ್ಕಾ, ಹುಷಾರಿದ್ದೀರಿ ಅಲ್ವಾ?" ಅಂತ. ಆ ಫೋನ್ ಬರುತ್ತದೆ ಅಂತ ಗೊತ್ತಿರುವುದರಿಂದಲೇ ಎಷ್ಟೋ ದಿನ ಹೋಗಿದ್ದೇನೆ.

ಖುಷಿಯನ್ನು ಹೊರಗಿನಿಂದ ತಂದು ಸೇರಿಸುವುದನ್ನೂ ಮಾಡಿ ನೋಡಿದ್ದೇನೆ. ನನಗೆ ತಾಳಮದ್ದಳೆ ಅಂದರೆ ಪ್ರಾಣ. ಕಳೆದ ಜೂನ್‌ನಲ್ಲಿ ಒಂದು ನಿಯಮ ಮಾಡಿಕೊಂಡೆ, ಫೋನಿನಲ್ಲಿ ಇರುವ ತಾಳಮದ್ದಳೆ ಕೇಳುವುದು ಟ್ರೆಡ್‌ಮಿಲ್ ಮೇಲೆ ಮಾತ್ರ. ಕರ್ಣ ಮತ್ತು ಕೃಷ್ಣನ ಸಂವಾದ ಅರ್ಧಕ್ಕೆ ನಿಂತಿರುತ್ತದೆ, ಕೃಷ್ಣ ಏನು ಉತ್ತರ ಕೊಡುತ್ತಾನೆ ಅಂತ ಕೇಳಬೇಕಾದರೆ ನಾಳೆ ಜಿಮ್ಮಿಗೇ ಹೋಗಬೇಕು. ಎರಡು ತಿಂಗಳು ಇದು ಚೆನ್ನಾಗಿ ನಡೆಯಿತು. ಆಮೇಲೆ ಚೌತಿ ಬಂತು. ನಮ್ಮಲ್ಲಿ ಚೌತಿ ಅಂದರೆ ಗೊತ್ತಲ್ಲ, ಮನೆ ತುಂಬ ನೆಂಟರು, ಐದು ದಿನ ಗಣಪತಿ, ಮುಂಚೆ ಒಂದು ವಾರ ತಯಾರಿ. ಹಬ್ಬದ ಅಡುಗೆ ಮಾಡುತ್ತಾ ಮಾಡುತ್ತಾ ನಿಯಮ ಮುರಿದು ಮನೆಯಲ್ಲೇ ಕೇಳಿಬಿಟ್ಟೆ. ಅಲ್ಲಿಗೆ ಆ ಸೆಳೆತ ಹೋಯಿತು. ಅಮೆರಿಕದಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಯವರು ಇದನ್ನೇ ದೊಡ್ಡದಾಗಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದರು. ಬಿಡಲಾಗದ ಕತೆಗಳ ಆಡಿಯೋ ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಗುವ ಹಾಗೆ ಮಾಡಿದಾಗ ಜನ ಮೊದಮೊದಲು 51 ಶೇಕಡಾ ಜಾಸ್ತಿ ಬಂದರು. ನವೆಂಬರಿನ ಅವರ ದೊಡ್ಡ ಹಬ್ಬದ ರಜೆ ಕಳೆದ ಮೇಲೆ ಆ ಪರಿಣಾಮ ಇಳಿದುಹೋಯಿತು. ಅವರಿಗೂ ಹಬ್ಬ, ನನಗೂ ಹಬ್ಬ.

ಚೌತಿಯ ನಂತರ ನನ್ನನ್ನು ವಾಪಸ್ ಕರೆತಂದದ್ದು ತಾಳಮದ್ದಳೆ ಅಲ್ಲ, ಟೇಲರಳ ಫೋನು. ಎರಡು ವಾರ ಬಿಟ್ಟು ಹೋದಾಗ ನನ್ನ ಹಳೇ ವಿದ್ಯಾರ್ಥಿ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಮೊದಲ ವಾರದ ಭಾರಕ್ಕೆ ಇಳಿಸಿ, "ಇವತ್ತು ಇಷ್ಟೇ ಸಾಕು ಅಕ್ಕೋರೆ" ಅಂದ. ನಾನು ಎಷ್ಟು ವರ್ಷ, ರಜೆ ಮಾಡಿ ಬಂದ ಮಕ್ಕಳನ್ನು ಮೊದಲು ಎದ್ದು ನಿಲ್ಲಿಸಿ ಕಾರಣ ಕೇಳಿದ್ದೇನೆ. ಈಗ ಕೇಳುವುದಿಲ್ಲ. ಮೊದಲು ಕೂರಿಸುತ್ತೇನೆ, ಬಿಟ್ಟುಹೋದ ಪಾಠ ಕೊಡುತ್ತೇನೆ.

ಕೊರತೆಗಳು ಇವೆ, ಬರೆಯದಿದ್ದರೆ ತಪ್ಪಾಗುತ್ತದೆ. ಉಪ್ಪು ಗಾಳಿಗೆ ಇಲ್ಲಿ ಕಬ್ಬಿಣ ಅನ್ನುವುದು ಉಳಿಯುವುದಿಲ್ಲ. ರಬ್ಬರ್ ಹೊದಿಕೆ ಇಲ್ಲದ ಹಳೇ ಡಂಬೆಲ್ಸ್ ತುಕ್ಕು ಹಿಡಿದು ಕೈಗೆ ಕೆಂಪು ಬಣ್ಣ ಮೆತ್ತುತ್ತದೆ. ಕೇಬಲ್ ಮಷಿನ್ನಿಗೆ ಅವನು ವಾರವಾರ ಎಣ್ಣೆ ಬಿಡುತ್ತಾನೆ, ಆದರೂ ಕಿರ್ ಅನ್ನುತ್ತದೆ. ಕೇಬಲ್ ಬದಲಾಯಿಸು ಅಂತ ನಾನು ಎರಡು ಸಲ ಹೇಳಿದ್ದೇನೆ. ತುಂಡಾದರೆ ಯಾರಿಗಾದರೂ ಪೆಟ್ಟಾಗುತ್ತದೆ, ಇದನ್ನು ಅವನು ಬೇಗ ಮಾಡಲೇಬೇಕು. ಜುಲೈನಲ್ಲಿ ಒಂದು ಟ್ರೆಡ್‌ಮಿಲ್ ಕೆಟ್ಟು ಐದು ವಾರ ಹಾಗೇ ನಿಂತಿತ್ತು, ರಿಪೇರಿಯವರು ಹುಬ್ಬಳ್ಳಿಯಿಂದ ಬರಬೇಕು. ಮಳೆಗಾಲದಲ್ಲಿ ಚಾಪೆಗಳಿಗೆ ಬೂಸ್ಟು ವಾಸನೆ, ನಾನು ಮನೆಯಿಂದ ನನ್ನದೇ ಚಾಪೆ ಒಯ್ಯುತ್ತೇನೆ. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ದೀಪ ಮತ್ತು ಎರಡು ಫ್ಯಾನ್ ಮಾತ್ರ. ಬಟ್ಟೆ ಬದಲಾಯಿಸುವ ಕೋಣೆ ಒಂದೇ, ಚಿಲಕ ಸರಿಯಿಲ್ಲ. ಮೆಟ್ಟಿಲು ಕಡಿದು, ಮಂಡಿ ನೋವು ಜಾಸ್ತಿ ಇದ್ದವರಿಗೆ ಕಷ್ಟ. ಆರೂಕಾಲಿಗೇ ಹುಡುಗರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೇಳಿದ ಮೇಲೆ ಈಗ ಕೆಳಗೆ ಕಾಯುತ್ತಾರೆ. ಭಾನುವಾರ ರಜೆ.

ಪ್ರೋಟೀನ್ ಪುಡಿ ಮಾರುವುದಿಲ್ಲ. ಮೊಟ್ಟೆ, ಮೀನು, ಹೆಸರುಕಾಳು ತಿನ್ನಿ, ಅನ್ನ ಒಂದು ಸೌಟು ಕಡಿಮೆ ಮಾಡಿ ಅನ್ನುತ್ತಾನೆ, ಅಷ್ಟೇ.

ಫೀ ವಿಷಯದಲ್ಲಿ ನನ್ನ ಸಲಹೆ, ಮೊದಲಿಗೆ ತಿಂಗಳ ಲೆಕ್ಕದಲ್ಲೇ ಕಟ್ಟಿ. ಮೂರು ತಿಂಗಳಿಗೆ 2,400 ಮಾಡಿಕೊಡುತ್ತಾನೆ, ಉಳಿತಾಯ ನಿಜ. ಆದರೆ ದುಡ್ಡು ಕಟ್ಟಿದ್ದೇನೆ, ಅದಕ್ಕಾದರೂ ಹೋಗುತ್ತೇನೆ ಅಂತ ನಂಬಬೇಡಿ. ನಾನು ಆ ದೊಡ್ಡ ಜಿಮ್ಮಿಗೆ ಕಟ್ಟಿದ್ದು ಹಾಗೆ ನಂಬಿಯೇ. ಅಮೆರಿಕದ ಮೂರು ಜಿಮ್‌ಗಳ ಲೆಕ್ಕಪತ್ರ ತೆಗೆದು ನೋಡಿ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಬರೆದ ಪ್ರಕಾರ, ತಿಂಗಳಿಗೆ 70 ಡಾಲರ್‌ಗಿಂತ ಜಾಸ್ತಿ ಕಟ್ಟುವ ಸದಸ್ಯರು ಸರಾಸರಿ ನಾಲ್ಕು ಚಿಲ್ಲರೆ ಸಲ ಬರುತ್ತಿದ್ದರು. ಒಂದು ಭೇಟಿಗೆ 17 ಡಾಲರ್ ಬಿದ್ದ ಹಾಗಾಯಿತು. ಹತ್ತು ಸಲದ ಪಾಸ್ ತೆಗೆದುಕೊಂಡಿದ್ದರೆ ಒಂದು ಭೇಟಿ 10 ಡಾಲರ್‌ಗೆ ಮುಗಿಯುತ್ತಿತ್ತು. ಸೇರುವ ದಿನ ನಮಗೆ ನಮ್ಮ ಮೇಲೆ ಇರುವ ನಂಬಿಕೆ ಎಲ್ಲ ಊರಲ್ಲೂ ಒಂದೇ ಥರ ಇರುತ್ತದೆ.

ನನಗೆ ಏನು ಪ್ರಯೋಜನ ಆಯಿತು ಅಂತ ಕೇಳಿದರೆ, ಎಚ್‌ಬಿಎ1ಸಿ 5.8ಕ್ಕೆ ಬಂದಿದೆ. ಅನ್ನ ಕಡಿಮೆ ಮಾಡಿದ್ದೂ ಸೇರಿ ಆದದ್ದು ಅದು, ಜಿಮ್ ಒಂದರಿಂದಲೇ ಅಂತ ಹೇಳುವುದಿಲ್ಲ. ತೂಕ ನಾಲ್ಕು ಕಿಲೋ ಇಳಿದಿದೆ. ಗ್ಯಾಸ್ ಸಿಲಿಂಡರ್ ಸರಿಸಲು ಯಾರನ್ನೂ ಕರೆಯುವುದಿಲ್ಲ. ಸಂಜೆ ಕಾಪಿ ತಿದ್ದುವಾಗ ಬೆನ್ನು ಹಿಡಿಯುವುದಿಲ್ಲ.

ಮಾಸ್ತರಿಗೆ ಮೊನ್ನೆ ಉತ್ತರ ಕೊಟ್ಟೆ. ನಿಮ್ಮ ಹಾಗೆ ಆಟವೇ ಖುಷಿ ಕೊಡುವುದಾದರೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ, ಅದನ್ನು ಬಿಡಬೇಡಿ. ಆದರೆ ಎಲ್ಲರಿಗೂ ಅಂಥ ಆಟ ಸಿಗುವುದಿಲ್ಲ, ಸಿಕ್ಕಿದರೂ ನನ್ನ ಬೀಚಿನ ಹಾಗೆ ಮಳೆ ಬಂದರೆ ಹೋಗಿಬಿಡುತ್ತದೆ. ನನಗೆ ಖುಷಿ ಡಂಬೆಲ್ಸ್‌ನಲ್ಲಿ ಇಲ್ಲ, ಅದರ ಆಚೀಚೆ ಇದೆ. ಆ ನಾಲ್ಕು ಜನರಲ್ಲಿ, ಇಳಿಯುವ ಮೆಟ್ಟಿಲಲ್ಲಿ, ಹದಿನೇಳರ ಮಗ್ಗಿ ಈಗ ಕೊನೆಯ ತನಕ ಒಂದೇ ಉಸಿರಾಟದ ಲಯದಲ್ಲಿ ಬರುವುದರಲ್ಲಿ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಆಟಕ್ಕಿಂತ ಆಟ ಮುಗಿದ ಮೇಲೆ ಕಟ್ಟೆ ಮೇಲೆ ಕೂತು ಮಾತಾಡೋದೇ ಜಾಸ್ತಿ ಆಗಿದೆ ಈಗೀಗ" ಅಂದರು. ಪೂರ್ತಿ ಒಪ್ಪಿದ್ದಾರೆ ಅಂತ ಅಲ್ಲ. ಆಟದ ಖುಷಿ ಇಲ್ಲದಿದ್ದರೆ ಆ ಕಟ್ಟೆಗೇ ಬರುತ್ತಿರಲಿಲ್ಲ ಅನ್ನುವುದು ಅವರ ವಾದ. ಅದೂ ಸರಿಯೇ.

ಬೀಚನ್ನು ನಾನು ಬಿಟ್ಟಿಲ್ಲ. ಭಾನುವಾರ ಜಿಮ್ ರಜೆ, ಆ ದಿನ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಹೋಗುತ್ತೇನೆ. ಹಾಜರಿ ಪುಸ್ತಕದಲ್ಲಿ ಅದನ್ನು ಬರೆಯುವುದಿಲ್ಲ.

ಸೇರುವ ಯೋಚನೆ ಇರುವವರು ಮಳೆ ಹಿಡಿಯುವ ಮೊದಲು ಸೇರಿ, ಯಾವ ಜಿಮ್ ಆದರೂ ಸರಿ. ನಿಮ್ಮ ಕೆಲಸದ ಜಾಗ ಮತ್ತು ಮನೆಯ ನಡುವೆ ಇರಲಿ. ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ನಿಂತು, ಹೊಸದಾಗಿ ಬಂದವರನ್ನು ಟ್ರೇನರ್ ಹೇಗೆ ನೋಡಿಕೊಳ್ಳುತ್ತಾನೆ ಅಂತ ಗಮನಿಸಿ. ಸಾಕು ಅಂದವರನ್ನು ನಿಲ್ಲಿಸುತ್ತಾನೋ ಕೂಗುತ್ತಾನೋ ನೋಡಿ. ಮತ್ತೆ ಜೂನ್‌ನಲ್ಲಿ ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳಿ. ಒದ್ದೆ ಸಾಕ್ಸ್ ಹಾಕಿಕೊಂಡು ಟ್ರೆಡ್‌ಮಿಲ್ ಹತ್ತಬೇಡಿ, ಕಾಲು ಜಾರುತ್ತದೆ.